ಯಾರಿಗೂ ಹೇಳಬೇಡಿ

ಕಳಮಶ್ಶೇರಿ, ಕೊಚ್ಚಿ
೮ ಅಕ್ಟೋಬರ್ ೨೦೨೫

ಸುಮಿತ್ರಕ್ಕನಿಗೆ ನಮಸ್ಕಾರ.

ಕವರಿನ ಮೇಲೆ ನನ್ನ ಕೋಳಿಕಾಲಿನ ಅಕ್ಷರ ಕಂಡು ಯಾರೋ ಹೋಗಿಬಿಟ್ಟರು ಎಂದು ಗಾಬರಿಯಾಗಬೇಡ. ಹೋಗಿದ್ದು ನನ್ನ ವಾಟ್ಸಾಪ್ ಒಂದೇ. ಕಳೆದ ಶುಕ್ರವಾರ ಯಾವನೋ ಅದನ್ನು ಕೈವಶ ಮಾಡಿಕೊಂಡು, ಸಂಜೆ ನಾನೇ ಬರೆದಂತೆ ನಮ್ಮ ಕೇರಳ ಕನ್ನಡ ಬಳಗದವರಿಗೆಲ್ಲ ಒಂದೊಂದು ಓಲೆ ಕಳಿಸಿದ್ದಾನೆ: ‘ಆಸ್ಪತ್ರೆಯಲ್ಲಿದ್ದೇನೆ. ತುರ್ತಾಗಿ ಹಣ ಬೇಕಾಗಿದೆ. ಫೋನ್ ಮಾಡಬೇಡಿ. ಯಾರಿಗೂ ಹೇಳಬೇಡಿ.’ ನಿನಗೂ ಬಂದಿರಬೇಕು. ಓದಿ ಚೆನ್ನಾಗಿ ನಕ್ಕಿರುತ್ತೀಯ.

ಹೇಗಾಯಿತು ಎಂದು ಕೇಳಬೇಡ. ಏನೋ ಸಿಮ್ಮಿನ ದೋಷ. ಕಂಪನಿಯವರ ಕಡೆಯಿಂದಲೇ ಎಲ್ಲೋ ಸೋರಿದೆ. ನನ್ನ ಕಡೆಯಿಂದ ತಪ್ಪಾಗಲು ಸಾಧ್ಯವೇ? ನಮ್ಮ ಬ್ಯಾಂಕಿನ ಬಾಗಿಲಲ್ಲಿ ನನ್ನದೇ ಆಳೆತ್ತರದ ರಟ್ಟಿನ ಬೊಂಬೆ ನಿಲ್ಲಿಸಿದ್ದಾರಲ್ಲ, ಕೈಮುಗಿದುಕೊಂಡು ‘ಓಟಿಪಿ ಯಾರಿಗೂ ಹೇಳಬೇಡಿ’ ಎಂದು ಮಲಯಾಳದಲ್ಲಿ ಬೇಡಿಕೊಳ್ಳುತ್ತದಲ್ಲ, ಆ ಬೊಂಬೆಯ ಮೂಲಪ್ರತಿ ನಾನು. ‘ಓಟಿಪಿ ಕೊಟ್ಟವನ ತಲೆಗೆ ಟೋಪಿ’ ಎಂದು ಊರೂರು ಸಾರಿಕೊಂಡು ಬಂದವನು.

ತಮಾಷೆ ಏನೆಂದರೆ, ಆ ಮೆಸೇಜು ನಂಬಿ ಒಬ್ಬಿಬ್ಬರು ಹಣ ಕಳಿಸಿಯೂ ಬಿಟ್ಟಿದ್ದಾರೆಂದು ಬಳಗದ ಕಾರ್ಯದರ್ಶಿ ಉಪೇಂದ್ರನ ಗುಮಾನಿ. ಯಾರೂ ಬಾಯಿ ಬಿಡುತ್ತಿಲ್ಲವಂತೆ. ನೀನೇ ಹೇಳಕ್ಕ, ನಾನು ಯಾರ ಹತ್ತಿರವಾದರೂ ಏನನ್ನಾದರೂ ಕೇಳಿದವನೇ? ನನ್ನಾಕೆ ನಿರ್ಮಲಳ ಆಪರೇಷನ್ನಿಗೆ ಉಳ್ಳೂರಿಗೆ ಬಂದಾಗ ನಿಮ್ಮ ಮನೆಯಲ್ಲೂ ಉಳಿಯದೆ ಲಾಡ್ಜ್ ಹಿಡಿದವನು. ನನ್ನನ್ನು ಒಂದು ಸಲ ನೋಡಿದವರಿಗೂ ಅದು ನನ್ನ ಮಾತಲ್ಲ ಎಂದು ಗೊತ್ತಾಗಬೇಕು. ಕಳಿಸಿದ ಪುಣ್ಯಾತ್ಮರ ತಲೆಯಲ್ಲಿರುವುದು ಮೆದುಳೋ, ಮಸಾಲೆ ದೋಸೆಯ ಪಲ್ಯವೋ!

ಈಗ ಯಾರಿಗೆ ಫೋನ್ ಮಾಡಿದರೂ ‘ಇದು ನೀವೇನಾ ಸಾರ್?’ ಎನ್ನುತ್ತಾರೆ. ಅದಕ್ಕೇ ಕೆಲವು ದಿನ ಅಂಚೆಯೇ ವಾಸಿ ಎಂದು ತೀರ್ಮಾನಿಸಿದ್ದೇನೆ. ನನ್ನ ಅಕ್ಷರ ನಕಲು ಮಾಡುವ ಕಳ್ಳ ಇನ್ನೂ ಹುಟ್ಟಿಲ್ಲ. ನನಗೇ ಎರಡನೇ ಸಲ ಹಾಗೆ ಬರೆಯಲು ಬರುವುದಿಲ್ಲ.

ನವೆಂಬರ್ ೨೩ರ ಭಾನುವಾರ ನಿಮ್ಮ ಪಕ್ಕದ ಶ್ರೀಕಾರ್ಯಂನಲ್ಲಿ ಬಳಗದ ರಾಜ್ಯೋತ್ಸವ. ಭಾಷಣ ನನ್ನದೇ, ವಿಷಯ ‘ಅಂತರ್ಜಾಲದೊಳಗಿನ ಜಾಲ’. ಮುಂದಿನ ಸಾಲಿನಲ್ಲಿ ಕೂತುಕೋ. ಉಳಿಯಲು ಅದೇ ಲಾಡ್ಜಿಗೆ ಹೇಳಿದ್ದೇನೆ, ನಿಮಗೆ ತೊಂದರೆ ಬೇಡ. ಶ್ರೀಪತಿ ಭಾವನಿಗೆ ನಮಸ್ಕಾರ.

ನಿನ್ನ ತಮ್ಮ
ಆನಂದ


ಉಳ್ಳೂರ್, ತಿರುವನಂತಪುರ
೧೩ ಅಕ್ಟೋಬರ್ ೨೦೨೫

ಚಿರಂಜೀವಿ ಆನಂದನಿಗೆ ಆಶೀರ್ವಾದ.

ಕಾಗದ ಬಂತು. ಅರ್ಧ ನಾನು ಓದಿದೆ, ಅರ್ಧ ನಿಮ್ಮ ಭಾವ ಓದಿದರು, ಉಳಿದದ್ದನ್ನು ಇಬ್ಬರೂ ಊಹೆ ಮಾಡಿಕೊಂಡೆವು.

ಹೌದು, ಮೆಸೇಜು ನನಗೂ ಬಂದಿತ್ತು. ನಕ್ಕೆ.

ನೀನು ಆರೋಗ್ಯವಾಗಿದ್ದೀಯಲ್ಲ? ನಿಜವಾಗಿ? ಬಿಪಿ ಮಾತ್ರೆ ಬಿಡದೆ ತಗೋತಿದ್ದೀಯ? ಸುಳ್ಳು ಮೆಸೇಜು ಎಂದು ಬಳಗದವರು ಮಾರನೆಯ ದಿನ ತಿಳಿಸಿದರು, ಸರಿ. ಆದರೂ ‘ನಾನು ಚೆನ್ನಾಗಿದ್ದೇನೆ’ ಎಂದು ನೀನು ಒಂದು ಸಾಲು ಬರೆಯಬಹುದಿತ್ತು. ಇಷ್ಟುದ್ದ ಕಾಗದದಲ್ಲಿ ದೋಸೆಯ ಪಲ್ಯಕ್ಕೆ ಜಾಗ ಸಿಕ್ಕಿತು, ಅದಕ್ಕೆ ಸಿಗಲಿಲ್ಲ.

ಒಂದು ವಿಷಯ ಕೇಳಬೇಕಿತ್ತು. ಪಕ್ಕದ ಮನೆಯ ವಿಜಯಾ ಟೀಚರ್ ಗೊತ್ತಲ್ಲ, ಕಾಸರಗೋಡಿನವರು, ಹೋದ ವರ್ಷ ನಿನಗೆ ಹಲಸಿನ ಹಪ್ಪಳ ಕಟ್ಟಿಕೊಟ್ಟಿದ್ದರಲ್ಲ. ಅವರು ಪಾಪ ಇಂಥದ್ದೇ ಒಂದರಲ್ಲಿ ಸಿಕ್ಕಿಕೊಂಡಿದ್ದಾರೆ. ನಿನ್ನ ಮೆಸೇಜಿನಿಂದ ಅಲ್ಲ, ಬೇರೆ ಯಾವುದೋ. ಪಾಠ ಹೇಳಿ ಕೂಡಿಟ್ಟಿದ್ದನ್ನೆಲ್ಲ ಕಳಿಸಿಬಿಟ್ಟಿದ್ದಾರೆ. ಮನೆಯವರಿಗೆ ಹೇಳಿಲ್ಲ. ಹೇಳಿದರೆ ‘ಇಷ್ಟು ಓದಿದವಳು ನೀನು’ ಎಂಬ ಮಾತು ಬರುತ್ತದಲ್ಲ ಎಂದು. ಅವರು ಈಗ ಏನು ಮಾಡಬೇಕು? ನೀನು ಎಲ್ಲ ಬಲ್ಲವನು, ಅದಕ್ಕೆ ಕೇಳುತ್ತಿದ್ದೇನೆ.

ಶನಿವಾರದ ಮಕ್ಕಳ ಕನ್ನಡ ತರಗತಿಯನ್ನು ಸದ್ಯಕ್ಕೆ ನಿಲ್ಲಿಸಿದ್ದೇನೆ. ಮಂಡಿ ನೋವು.

ಲಾಡ್ಜ್ ಯಾಕೆ? ಮಹಡಿಯ ಕೋಣೆ ಖಾಲಿ ಇದೆ. ಆದರೆ ನಿನ್ನಿಷ್ಟ.

ಸುಮಿತ್ರ


ಕಳಮಶ್ಶೇರಿ
೧೮ ಅಕ್ಟೋಬರ್ ೨೦೨೫

ಅಕ್ಕನಿಗೆ ನಮಸ್ಕಾರ, ದೀಪಾವಳಿಯ ಶುಭಾಶಯ.

ನಾನು ಗುಂಡುಕಲ್ಲಿನಂತಿದ್ದೇನೆ. ಆಸ್ಪತ್ರೆಯ ಬಾಗಿಲು ನೋಡಿಲ್ಲ. ಇನ್ನು ನಿನ್ನ ಮಂಡಿ ನೋವಿಗೂ ಕನ್ನಡ ಪಾಠಕ್ಕೂ ಏನು ಸಂಬಂಧ? ಮಕ್ಕಳಿಗೆ ಒತ್ತಕ್ಷರ ಕಲಿಸಲು ಮಂಡಿ ಯಾಕೆ ಬೇಕು? ಸೋಮಾರಿಯಾಗಬೇಡ.

ಈಗ ವಿಜಯಾ ಟೀಚರ್ ವಿಚಾರ. ಅಯ್ಯೋ ದೇವರೇ! ಎಷ್ಟೋ ವರ್ಷ ಮಕ್ಕಳ ಕಿವಿ ಹಿಂಡಿದವರು ತಮ್ಮದೇ ಕಿವಿಗೆ ಹೂ ಇಡಿಸಿಕೊಂಡರಲ್ಲ! ನನ್ನ ಭಾಷಣದಿಂದ ಒಂದು ತುಂಡು ಕಿತ್ತು ಕೊಡುತ್ತೇನೆ, ಅವರಿಗೆ ಓದಿ ಹೇಳು.

ಕಳ್ಳನ ಕಸುಬಿಗೆ ಬೇಕಾಗುವುದು ಕಂಪ್ಯೂಟರ್ ಅಲ್ಲ. ಅವಸರ, ಗುಟ್ಟು, ಹೆದರಿಕೆ, ಇಲ್ಲವೇ (ಇಲ್ಲಿ ಒಂದು ಪದ ಹೊಡೆದುಹಾಕಿದ್ದೇನೆ, ಅದು ನಿಮಗೆ ಸಂಬಂಧಪಟ್ಟದ್ದಲ್ಲ). ‘ಈಗಲೇ ಕಳಿಸಿ’ ಎಂದರೆ ಯೋಚಿಸಲು ಬಿಡುತ್ತಿಲ್ಲ ಎಂದು ಅರ್ಥ. ‘ಯಾರಿಗೂ ಹೇಳಬೇಡಿ’ ಎಂದರೆ, ಹೇಳಿದರೆ ಕೇಳಿಸಿಕೊಂಡವನು ತಡೆಯುತ್ತಾನೆ ಎಂದು ಅರ್ಥ. ‘ಫೋನ್ ಮಾಡಬೇಡಿ’ ಎಂದರೆ ಆ ಕಡೆ ಇರುವವನ ದನಿ ಬೇರೆ ಎಂದು ಅರ್ಥ. ಇದಕ್ಕೆ ಮದ್ದು ಬಹಳ ಸುಲಭ. ಒಂದು ಗಳಿಗೆ ಸುಮ್ಮನೆ ನಿಲ್ಲುವುದು. ಮನೆಯಲ್ಲಿರುವ ಇನ್ನೊಬ್ಬರಿಗೆ ತೋರಿಸುವುದು. ಮೊದಲಿನಿಂದ ಗೊತ್ತಿರುವ ನಂಬರಿಗೆ ನಾವೇ ಫೋನ್ ಮಾಡಿ ‘ಇದು ನೀನೇ ಕೇಳಿದ್ದಾ?’ ಎನ್ನುವುದು. ಇಷ್ಟು ಮಾಡದೆ ದುಡ್ಡು ಕಳಿಸುವವರನ್ನು ಕಳ್ಳ ಮೋಸ ಮಾಡಿದ ಎನ್ನಲಾಗದು. ಅವರು ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ ಅವನನ್ನು ಬರಮಾಡಿಕೊಂಡರು ಎನ್ನಬೇಕು.

ದುಡ್ಡು ಹೋದ ಮೇಲೆ ಸೈಬರ್ ಮೋಸದ ಸಹಾಯವಾಣಿ ೧೯೩೦ಕ್ಕೆ ಫೋನ್ ಮಾಡಬೇಕು, ಅವರ ಬ್ಯಾಂಕಿಗೆ ತಿಳಿಸಬೇಕು. ಮೊದಲ ಒಂದೆರಡು ಗಂಟೆಯಲ್ಲೇ ಹೇಳಿದರೆ ಹಣವನ್ನು ದಾರಿಯಲ್ಲಿ ತಡೆಯಲು ಸಾಧ್ಯ. ತಡವಾದರೂ ಹೇಳಬೇಕು. ಇಷ್ಟು ದಿನ ಬಾಯಿ ಮುಚ್ಚಿ ಕೂತಿದ್ದಾರೆ ಎಂದರೆ ಅವರು ಕಳ್ಳನಿಗೆ ಟೀ ಮಾಡಿಕೊಟ್ಟು, ಬಸ್ಸಿಗೆ ಹತ್ತಿಸಿ, ಕಿಟಕಿಯಲ್ಲಿ ಕೈಬೀಸಿ ಬಂದ ಹಾಗೆ.

ಅವರ ಕಥೆ ಇನ್ನೂ ಸ್ವಲ್ಪ ವಿವರವಾಗಿ ಬರೆದು ಕಳಿಸು. ಭಾಷಣಕ್ಕೆ ಒಳ್ಳೆಯ ಉದಾಹರಣೆಯಾಗುತ್ತದೆ. ಹೆಸರು ಹೇಳುವುದಿಲ್ಲ, ‘ಒಬ್ಬ ವಿದ್ಯಾವಂತ ಮಹಿಳೆ’ ಎನ್ನುತ್ತೇನೆ. ಜನ ಹೊಟ್ಟೆ ಹುಣ್ಣಾಗುವಂತೆ ನಗಬೇಕು, ಆಗಲೇ ಪಾಠ ನೆನಪಿರುವುದು.

ಆನಂದ


ಉಳ್ಳೂರ್
೨೫ ಅಕ್ಟೋಬರ್ ೨೦೨೫

ಆನಂದ,

ನೀನು ಬರೆದದ್ದನ್ನು ವಿಜಯಾ ಟೀಚರಿಗೆ ಓದಿ ಹೇಳಿದೆ. ಬಸ್ಸಿಗೆ ಹತ್ತಿಸಿ ಕೈಬೀಸಿದ ಮಾತನ್ನೂ ಬಿಡದೆ ಓದಿದೆ. ಆಮೇಲೆ ಅವರು ಹೇಳಿದ್ದನ್ನು ನಿನಗೆ ಬರೆಯುತ್ತಿದ್ದೇನೆ. ಭಾಷಣಕ್ಕಲ್ಲ.

ನೀನು ಹೇಳಿದ ಲಕ್ಷಣಗಳೆಲ್ಲ ಅವರಿಗೆ ಕಂಡಿದ್ದವಂತೆ. ಮೆಸೇಜು ಬಂದದ್ದು ಅವರ ತಮ್ಮನ ಹೆಸರಿನಲ್ಲಿ. ಆ ತಮ್ಮ ಕೂಡ ಇದೇ ಕೇರಳದಲ್ಲಿದ್ದಾನೆ. ಒಳ್ಳೆಯ ಕೆಲಸ, ಬಾಯಿ ತೆರೆದರೆ ತಮಾಷೆ. ಆದರೆ ಅಕ್ಕನ ಹತ್ತಿರ ಒಂದು ಲೋಟ ನೀರನ್ನೂ ಕೇಳುವವನಲ್ಲ, ತಾನೇ ಎದ್ದು ಬಗ್ಗಿಸಿಕೊಳ್ಳುತ್ತಾನೆ. ಅವನ ಹೆಂಡತಿಗೆ ಇಲ್ಲಿ ಆಪರೇಷನ್ ಆಯಿತು. ಆಸ್ಪತ್ರೆಯಿಂದ ಇವರ ಮನೆಗೆ ನಡೆದುಕೊಂಡು ಬರುವಷ್ಟು ದಾರಿ. ಅವನು ಲಾಡ್ಜ್ ಹಿಡಿದ. ಇವರು ಡಬ್ಬಿಯಲ್ಲಿ ಬಿಸಿಬೇಳೆ ಭಾತು ಕಟ್ಟಿಕೊಂಡು ಹೋದರೆ, ‘ಕ್ಯಾಂಟೀನಲ್ಲಿ ಆಯ್ತಕ್ಕ, ನೀನ್ಯಾಕೆ ತೊಂದ್ರೆ ತಗೊಂಡೆ’ ಎಂದ. ಡಬ್ಬಿ ಹೋದ ಹಾಗೇ ಮನೆಗೆ ಬಂತು. ಇವರು ಗಂಡನಿಗೆ ‘ತುಂಬಾ ಇಷ್ಟಪಟ್ಟು ತಿಂದ’ ಎಂದು ಹೇಳಿ, ಅದನ್ನು ಹಿತ್ತಲಲ್ಲಿ ಹಸುವಿಗೆ ಹಾಕಿದರು.

ಆಸ್ಪತ್ರೆ ಎಂಬುದನ್ನು ಓದಿ ಮೊದಲು ಗಾಬರಿಯಾಯಿತಂತೆ. ಆಮೇಲೆ, ಇದನ್ನು ಹೇಳಲು ಅವರಿಗೆ ಬಹಳ ಹೊತ್ತು ಹಿಡಿಯಿತು, ಆಮೇಲೆ ಸಂತೋಷವಾಯಿತಂತೆ. ಕೇಳಿದನಲ್ಲ ಎಂದು. ಕಡೆಗೂ ನನ್ನ ಹತ್ತಿರ ಕೇಳಿದನಲ್ಲ ಎಂದು. ಫೋನ್ ಮಾಡಬೇಕು ಅನ್ನಿಸಿತು, ಕೈ ಹೋಗಲಿಲ್ಲ. ನನ್ನ ದನಿ ಕೇಳಿದ ಕೂಡಲೆ ಅವನಿಗೆ ಸಂಕೋಚ ಬಂದು, ‘ಏನೂ ಬೇಡಕ್ಕ’ ಎಂದು ಕೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡುಬಿಡುತ್ತಾನೆ ಎಂಬ ಭಯ. ಯಾರಿಗೂ ಹೇಳಬೇಡಿ ಎಂದಿತ್ತಲ್ಲ, ಅದೂ ಅವನದೇ ಗುಣ. ಅದಕ್ಕೇ ನಂಬಿದರು. ನಿನ್ನ ಭಾಷಣದಲ್ಲಿ ಇದು ಎಷ್ಟನೆಯ ದಡ್ಡತನ, ಹೇಳು.

ಮಕ್ಕಳಿಗೆ ಓದಲು ಕಲಿಸುವವಳು ನಾಲ್ಕು ಸಾಲಿನ ಮೆಸೇಜು ಓದಲಾರದವಳಾದೆನಲ್ಲ ಎಂದು ನಾಚಿ ಪಾಠವನ್ನೂ ನಿಲ್ಲಿಸಿದ್ದಾರೆ. ಹೊಡೆದುಹಾಕಿದ ಪದವನ್ನು ಬೆಳಕಿಗೆ ಹಿಡಿದು ಓದಿದೆ. ‘ಹೊಗಳಿಕೆ’ ಎಂದಿದೆ. ಅದನ್ನೇಕೆ ಹೊಡೆದೆ?

ಅವರನ್ನು ಉದಾಹರಣೆ ಮಾಡಬೇಡ. ಕೇಳಿಕೊಳ್ಳುತ್ತಿದ್ದೇನೆ.

ಸುಮಿತ್ರ


ಕಳಮಶ್ಶೇರಿ
೫ ನವೆಂಬರ್ ೨೦೨೫

ಅಕ್ಕ,

ಉತ್ತರ ತಡವಾಯಿತು. ಬರೆದು ಬರೆದು ಹರಿದುಹಾಕಿದೆ. ಒಂದರಲ್ಲಿ ಜೋಕು ಜಾಸ್ತಿಯಾಯಿತು, ಇನ್ನೊಂದರಲ್ಲಿ ಕಣ್ಣೀರು ಜಾಸ್ತಿಯಾಯಿತು, ಮತ್ತೊಂದು ಬ್ಯಾಂಕಿನ ಸುತ್ತೋಲೆಯ ಹಾಗಿತ್ತು.

ವಿಜಯಾ ಟೀಚರ್ ತಮ್ಮನನ್ನು ನಾನು ಬಲ್ಲೆ. ದಿನಾ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಕನ್ನಡಿಯಲ್ಲಿ ಸಿಗುತ್ತಾನೆ. ಡಬ್ಬಿಯ ಮಾತು ಓದಿದ ಮೇಲೆ ಅವನ ಮುಖ ನೋಡಲಾಗದೆ ಎರಡು ದಿನ ಗಡ್ಡ ಬಿಟ್ಟೆ. ನಿರ್ಮಲ ‘ಯಾರಿಗೆ ಹರಕೆ?’ ಎಂದಳು.

ಸಿಮ್ಮಿನ ದೋಷ ಎಂದಿದ್ದೆನಲ್ಲ, ಸಿಮ್ಮಿಗೆ ಏನೂ ಆಗಿಲ್ಲ. ಆ ಶುಕ್ರವಾರ ಬ್ಯಾಂಕಿನಲ್ಲಿ ಬುತ್ತಿ ಮುಗಿಸಿ ಕೈ ಒರೆಸಿಕೊಳ್ಳುವಾಗ ಫೋನ್ ಬಂತು.

‘ನಮಸ್ಕಾರ ಸಾರ್, ಕೃಷ್ಣಾನಂದ ಸಾರ್ ಅಲ್ವಾ? ಹೊರನಾಡ ಕನ್ನಡಿಗರ ಗೌರವ ಸಮಿತಿಯಿಂದ ಮಾತಾಡ್ತಿರೋದು. ಊಟ ಆಯ್ತಾ ಸಾರ್?’

ಕಳಮಶ್ಶೇರಿಯಲ್ಲಿ ಹೊರಗಿನವರು ಯಾರಕ್ಕ ನನ್ನನ್ನು ಊಟ ಆಯ್ತಾ ಎಂದು ಕನ್ನಡದಲ್ಲಿ ಕೇಳುವವರು? ಮಗಳು ಶಾಲಿನಿಯನ್ನು ನಾನು ಕನ್ನಡದಲ್ಲಿ ಕೇಳಿದರೆ ಅವಳು ‘ಆಯ್ತು’ ಎನ್ನದೆ ‘ಕಳಿಚ್ಚು’ ಎಂದು ಮಲಯಾಳದಲ್ಲಿ ಮುಗಿಸುತ್ತಾಳೆ. ಇವನದು ನಮ್ಮ ನಂಜನಗೂಡಿನ ಕಡೆಯ ಮಾತು, ಬಾಳೆಹಣ್ಣಿನ ಹಾಗೆ. ನಾನು ಕುರ್ಚಿಯಲ್ಲಿ ಆರಾಮಾಗಿ ಒರಗಿ ಕೂತೆ.

‘ಆನ್‌ಲೈನ್ ಮೋಸದ ಬಗ್ಗೆ ನೀವು ಜನಜಾಗೃತಿ ಮಾಡ್ತಿದೀರಲ್ಲ ಸಾರ್, ಈ ಸಲದ ಸನ್ಮಾನ ನಿಮಗೇ ಅಂತ ಕಮಿಟಿ ತೀರ್ಮಾನ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ.’

‘ಅಯ್ಯೋ, ನನಗ್ಯಾಕ್ರೀ ಅದೆಲ್ಲ’ ಎಂದೆ. ಅಂದದ್ದು ಬಾಯಿ. ತಲೆ ಆಗಲೇ ಪೇಟಕ್ಕೆ ಅಳತೆ ಕೊಡುತ್ತಿತ್ತು.

‘ದೊಡ್ಡವರು ಹಾಗನ್ನಬಾರದು ಸಾರ್. ನಿಮ್ಮ ಒಪ್ಪಿಗೆಗೆ ಒಂದು ನಂಬರ್ ಬಂದಿರುತ್ತೆ, ಓದಿಬಿಡಿ, ಆಹ್ವಾನಪತ್ರಿಕೇಲಿ ಹೆಸರು ಹಾಕಿಸ್ಬಿಡ್ತೀವಿ.’

ಓದಿದೆ. ಆ ನಂಬರಿನ ಕೆಳಗೆ ‘ಇದನ್ನು ಯಾರಿಗೂ ಹೇಳಬೇಡಿ’ ಎಂದೂ ಬರೆದಿತ್ತು. ಅದನ್ನೂ ಓದಿದೆ, ಗಟ್ಟಿಯಾಗಿ, ಅವನಿಗೇ. ಅವನು ‘ಥ್ಯಾಂಕ್ಸ್ ಸಾರ್’ ಎಂದ.

ಪೇಟ ಇಡುತ್ತೇವೆಂದು ಟೋಪಿ ಇಟ್ಟರು. ಸನ್ಮಾನಕ್ಕೆ ಒಪ್ಪಿ ಇದ್ದ ಮಾನವನ್ನೂ ಕೊಟ್ಟೆ. ನೋಡು, ಇಲ್ಲೂ ಪದದಾಟ. ಬಿಟ್ಟರೆ ಬರೆಯಲು ಕೈ ಏಳುವುದಿಲ್ಲ.

ಇದರಲ್ಲಿ ಇನ್ನೂ ಕೆಟ್ಟದ್ದು ಇದೆ. ಸ್ವಲ್ಪ ಹೊತ್ತಿಗೇ ನನಗೆ ಗೊತ್ತಾಯಿತು. ವಾಟ್ಸಾಪ್ ನನ್ನನ್ನು ಹೊರಗೆ ಹಾಕಿತ್ತು. ನನ್ನ ಮಾಮೂಲಿ ಫೋನ್ ಕೆಲಸ ಮಾಡುತ್ತಿತ್ತು, ಬಳಗದವರ ನಂಬರೆಲ್ಲ ಕೈಯಲ್ಲಿತ್ತು. ಅವತ್ತು ಸಂಜೆಯೇ ನಾನು ಒಬ್ಬೊಬ್ಬರಿಗೂ ಫೋನ್ ಮಾಡಿ ‘ನಾನು ಕೋಡ್ ಕೊಟ್ಟು ಕೆಟ್ಟೆ, ನನ್ನ ಹೆಸರಲ್ಲಿ ಏನು ಬಂದರೂ ನಂಬಬೇಡಿ’ ಎನ್ನಬಹುದಿತ್ತು. ಮಾಡಲಿಲ್ಲ. ಯಾರಿಗೂ ಗೊತ್ತಾಗದಂತೆ ಸರಿಮಾಡಿಬಿಡೋಣ ಎಂದು ಬಾಗಿಲು ಹಾಕಿಕೊಂಡು ಕೂತೆ. ಆಗಲಿಲ್ಲ. ಉಪೇಂದ್ರನಿಗೆ ಹೇಳಿದ್ದು ಮಾರನೆಯ ಬೆಳಿಗ್ಗೆ, ಅದೂ ಸಿಮ್ಮಿನ ಮೇಲೆ ಹಾಕಿ. ಕೋಡ್ ಕೊಟ್ಟದ್ದು ಹೆಡ್ಡತನ. ಆ ಸಂಜೆ ಸುಮ್ಮನಿದ್ದದ್ದು ಹೆಡ್ಡತನವಲ್ಲ. ನೀನು ಕಳಿಸಿದ್ದು ಎಷ್ಟು ಹೊತ್ತಿಗೆ? ಬೇಡ, ಹೇಳಬೇಡ.

ದೂರು ಕೊಡಲು ಪೊಲೀಸ್ ಠಾಣೆಯ ಗೇಟಿನವರೆಗೆ ಹೋಗಿದ್ದೆ. ‘ಕೋಡ್ ಯಾರಿಗಾದರೂ ಹೇಳಿದಿರಾ?’ ಎಂದು ಕೇಳುತ್ತಾರಲ್ಲ ಎಂದು ಎದುರು ಅಂಗಡಿಯಲ್ಲಿ ಟೀ ಕುಡಿದು ವಾಪಸು ಬಂದೆ. ದಿನಾ ಬೆಳಿಗ್ಗೆ ಬ್ಯಾಂಕಿನ ಬಾಗಿಲಲ್ಲಿ ಆ ರಟ್ಟಿನ ಕೃಷ್ಣಾನಂದ ನನಗೇ ಕೈಮುಗಿದು ಬುದ್ಧಿ ಹೇಳುತ್ತಾನೆ. ಅವನೇ ಅಸಲು, ನಾನೇ ರಟ್ಟು ಎನ್ನಿಸುತ್ತದೆ. ನಿನಗೆ ಫೋನ್ ಮಾಡದೆ ಕಾಗದ ಹಿಡಿದದ್ದೂ ಇದಕ್ಕೇ. ನಿನ್ನ ದನಿಗೆ ಸುಳ್ಳು ಹೇಳಲು ನನಗೆ ಬರುವುದಿಲ್ಲ, ಕಾಗದಕ್ಕೆ ಹೇಳಬಹುದು.

ಓದು ಮುಗಿಯುವವರೆಗೆ ಎಲ್ಲವನ್ನೂ ನಿನ್ನ ಹತ್ತಿರವೇ ಕೇಳಿ ಪಡೆದವನು ನಾನು. ಕೆಲಸ ಸಿಕ್ಕಿದ ಮೇಲೆ ಇನ್ನು ಇವಳಿಗೆ ತೊಂದರೆ ಕೊಡಬಾರದು ಎಂದುಕೊಂಡೆ. ಅದನ್ನೇ ಪ್ರೀತಿ ಎಂದುಕೊಂಡಿದ್ದೆ. ಆ ಡಬ್ಬಿಯನ್ನು ನೀನು ಹಾಗೇ ಮನೆಗೆ ಹೊತ್ತುಕೊಂಡು ಹೋದದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದೂ ಸುಳ್ಳು, ನಾನು ನೋಡಲಿಲ್ಲ.

ಭಾವನಿಗೆ ಹೇಳು. ೧೯೩೦ಕ್ಕೆ ಫೋನ್ ಮಾಡು. ನನ್ನ ಹೆಸರನ್ನು ಧಾರಾಳವಾಗಿ ಬರೆಸು. ಭಾಷಣಕ್ಕೆ ಆಗುವುದಿಲ್ಲ, ಹುಷಾರಿಲ್ಲ ಎಂದು ಉಪೇಂದ್ರನಿಗೆ ತಿಳಿಸುತ್ತಿದ್ದೇನೆ.

ಆನಂದ


ಉಳ್ಳೂರ್
೧೧ ನವೆಂಬರ್ ೨೦೨೫

ಆನಂದ,

ಮೊದಲು ವಿಜಯಾ ಟೀಚರ್ ಮರ್ಯಾದೆ ಉಳಿಸುತ್ತೇನೆ. ಅವರಿಗೆ ಏನೂ ಆಗಿಲ್ಲ. ಅವರ ಹತ್ತಿರ ಇರುವುದು ಗುಂಡಿ ಒತ್ತುವ ಹಳೇ ಫೋನ್, ವಾಟ್ಸಾಪ್ ಅವರ ಮನೆ ಬಾಗಿಲಿಗೇ ಬಂದಿಲ್ಲ. ನಿನ್ನೆ ಅವರಿಗೆ ಎಲ್ಲ ಹೇಳಿ ಕ್ಷಮೆ ಕೇಳಿದೆ. ‘ನನ್ನ ಹೆಸರಲ್ಲಿ ನೀವೇ ಮೋಸ ಮಾಡಿದಿರಲ್ಲ ಮಾರಾಯ್ರೆ’ ಎಂದು ನಕ್ಕು, ಹಪ್ಪಳ ಕೊಟ್ಟು ಕಳಿಸಿದರು.

ನಿಮ್ಮ ಭಾವನಿಗೆ ಹೇಳಲು ನಾನು ಪಟ್ಟ ಪಾಡು ಬೇಡ. ಕಾಫಿ ಕೊಟ್ಟೆ, ಬಿಸ್ಕತ್ತು ಕೊಟ್ಟೆ, ಉಪ್ಪಿಟ್ಟು ಮಾಡಿಕೊಟ್ಟೆ. ‘ಏನಾಗಬೇಕಿತ್ತು?’ ಎಂದರು. ಹೇಳಿದೆ. ಅವರು ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, ‘ನಂಗೂ ಬಂದಿತ್ತು ಕಣೇ. ಆಫೀಸಿನ ಕ್ಯಾಂಟೀನಿಂದ ಕಳಿಸೋಕೆ ಹೊರಟೆ, ನೆಟ್‌ವರ್ಕ್ ಸಿಗಲಿಲ್ಲ. ಅದಕ್ಕೇ ಬುದ್ಧಿವಂತನಾಗಿ ಉಳಕೊಂಡೆ’ ಎಂದರು. ರಾಕೆಟ್ಟಿನ ಲೆಕ್ಕ ಹಾಕುವ ಮನುಷ್ಯ! ಅವರೂ ನನಗೆ ಹೇಳಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು, ಒಂದೇ ಗುಟ್ಟನ್ನು ಒಬ್ಬರಿಗೊಬ್ಬರು ಕಾಣದಂತೆ ಬಚ್ಚಿಟ್ಟುಕೊಂಡು ಊಟ ಮಾಡುತ್ತಿದ್ದೆವು.

೧೯೩೦ಕ್ಕೆ ಫೋನ್ ಮಾಡಿದೆವು, ಬ್ಯಾಂಕಿಗೆ ಹೋದೆವು, ಸೈಬರ್ ಠಾಣೆಗೂ ಹೋದೆವು. ಅಲ್ಲಿ ಒಬ್ಬ ಹುಡುಗಿ, ಶಾಲಿನಿಯ ವಯಸ್ಸಿರಬಹುದು, ‘ಯಾರು ಕೇಳಿದರು ಎಂದುಕೊಂಡು ಕಳಿಸಿದಿರಿ ಚೇಚ್ಚಿ?’ ಎಂದು ಅಕ್ಕನೆಂದೇ ಕರೆದು ಮಲಯಾಳದಲ್ಲಿ ಕೇಳಿದಳು. ‘ಎಂಡೆ ಅನಿಯನ್’ ಎಂದೆ, ನನ್ನ ತಮ್ಮ ಎಂದು. ಅವಳು ಬರೆಯುವುದು ನಿಲ್ಲಿಸಿ ನೀರು ತರಿಸಿದಳು. ತಡವಾಗಿದೆ, ಹಣ ಬರುತ್ತದೆ ಎಂದು ಮಾತು ಕೊಡಲಾಗದು, ಪ್ರಯತ್ನ ಮಾಡುತ್ತೇವೆ ಎಂದಳು. ಮೊದಲೇ ಯಾಕೆ ಬರಲಿಲ್ಲ ಎಂದೂ ಕೇಳಿದಳು. ನಿನ್ನ ಹತ್ತಿರ ಇದಕ್ಕೆ ಉತ್ತರ ಇದೆಯೇ?

ನನಗೆ ಸಿಟ್ಟಿದೆ ಆನಂದ. ಕೋಡ್ ಕೊಟ್ಟದ್ದಕ್ಕಲ್ಲ. ಊಟ ಆಯ್ತಾ ಎಂದು ಕನ್ನಡದಲ್ಲಿ ಕೇಳಿದರೆ ನಾನಾದರೂ ಕೊಡುತ್ತಿದ್ದೆ. ಆ ಸಂಜೆಗೆ ಸಿಟ್ಟು. ಆಮೇಲೆ ದೋಸೆಯ ಪಲ್ಯಕ್ಕೆ. ನೀನೂ ಬಿದ್ದವನೇ ಎಂದು ಮೊದಲ ಕಾಗದದಲ್ಲಿ ಒಂದು ಮಾತು ಬರೆದಿದ್ದರೆ ನಾನು ಅವತ್ತೇ ಬಾಯಿ ಬಿಡುತ್ತಿದ್ದೆ. ನಿನ್ನ ಜಾಣತನಕ್ಕೆ ಹೆದರಿ ಸುಮ್ಮನಿದ್ದೆ. ಹೀಗೆ ಇನ್ನೂ ಎಷ್ಟು ಜನ ನಿನಗೆ ಹೆದರಿ ಸುಮ್ಮನಿದ್ದಾರೋ.

ಹುಷಾರಿಲ್ಲ ಎಂದು ಉಪೇಂದ್ರನಿಗೆ ಹೇಳಬೇಡ. ಒಂದು ಸಲ ನಿನ್ನ ಹೆಸರಲ್ಲಿ ಕಳ್ಳ ಆಸ್ಪತ್ರೆ ಸೇರಿದ್ದು ಸಾಕು, ಈ ಸಲ ನೀನೇ ಸೇರಬೇಡ. ಠಾಣೆಗೆ ಹೋಗು. ಬಳಗದ ಒಬ್ಬೊಬ್ಬರಿಗೂ ಫೋನ್ ಮಾಡು, ಅವತ್ತು ಸಂಜೆ ಮಾಡಬೇಕಾಗಿದ್ದದ್ದನ್ನು ಈಗ ಮಾಡು.

ಮಂಡಿ ನೋವು ಹಾಗೇ ಇದೆ. ಆದರೂ ಶನಿವಾರ ಮಕ್ಕಳಿಗೆ ಬರಹೇಳಿದ್ದೇನೆ.

ಸುಮಿತ್ರ


ಕಳಮಶ್ಶೇರಿ
೧೫ ನವೆಂಬರ್ ೨೦೨೫

ಅಕ್ಕ,

ಠಾಣೆಗೆ ಹೋದೆ. ಈ ಸಲ ಟೀಯನ್ನು ಒಳಗಿಂದ ಬಂದ ಮೇಲೆ ಕುಡಿದೆ. ‘ಕೋಡ್ ಹೇಳಿದಿರಾ?’ ಎಂದು ಕೇಳಿಯೇ ಕೇಳಿದರು. ‘ಹೇಳಿದೆ’ ಎಂದೆ. ‘ಎಲ್ಲಿ ಕೆಲಸ?’ ಎಂದರು. ‘ಬ್ಯಾಂಕಿನಲ್ಲಿ’ ಎಂದೆ. ಪೇದೆ ತಲೆ ಎತ್ತಿ ನೋಡಿದ. ಆ ರಟ್ಟಿನ ಬೊಂಬೆಯನ್ನು ಅವನು ನೋಡಿದ್ದನೆಂದು ಕಾಣುತ್ತದೆ. ಪಾಪ, ನಗಲಿಲ್ಲ.

ಬಳಗದವರಿಗೆಲ್ಲ ಫೋನ್ ಮಾಡಿದೆ. ಕೆಲವರು ‘ನೀವೇನಾ ಸಾರ್ ಹೀಗೆ?’ ಎಂದರು. ‘ಹೌದು, ನಾನೇ ಹೀಗೆ’ ಎಂದೆ. ನೀನಲ್ಲದೆ ಇನ್ನೊಬ್ಬರೂ ಹಣ ಕಳಿಸಿದ್ದರು. ಹೆಸರು ಹೇಳುವುದಿಲ್ಲ, ಅವರಿಗೂ ನಾಚಿಕೆ ಇದೆ. ನಾನು ಯಾರೆಂದು ತಿಳಿದ ಕೂಡಲೆ ಅವರು ಮೊದಲು ಕೇಳಿದ್ದು, ‘ಈಗ ಹುಷಾರಾಗಿದೀರಾ ಸಾರ್?’ ಎಂದು. ಅಲ್ಲಿಗೆ ನನ್ನ ಜೋಕೆಲ್ಲ ಮುಗಿದವು. ಅಂಥವರ ತಲೆಯಲ್ಲಿರುವುದು ಪಲ್ಯ ಎಂದು ನಾನು ಬರೆದಿದ್ದೆ.

ಭಾಷಣ ಮಾಡುತ್ತೇನೆ. ಶೀರ್ಷಿಕೆ ಅದೇ. ಉದಾಹರಣೆ ಮಾತ್ರ ಬದಲಾಗಿದೆ: ‘ಒಬ್ಬ ವಿದ್ಯಾವಂತ ಮಹಿಳೆ’ಯ ಬದಲು ಒಬ್ಬ ಪೇಟದಾಸೆಯ ಪೇಟೆಯವನು. ಜನ ನಗುತ್ತಾರೋ ಇಲ್ಲವೋ ಗೊತ್ತಿಲ್ಲ.

ಇನ್ನು ಮುಂದಿನದನ್ನು ಬರೆಯುವುದಕ್ಕೆ ಭಾಷಣಕ್ಕಿಂತ ಹೆಚ್ಚು ಧೈರ್ಯ ಬೇಕಾಗಿದೆ. ಅಕ್ಕ, ನನಗೆ ಸ್ವಲ್ಪ ಸಹಾಯ ಬೇಕು. ಲಾಡ್ಜ್ ಬೇಡವೆಂದು ಹೇಳಿದ್ದೇನೆ. ಶನಿವಾರವೇ ಬಂದು ನಿಮ್ಮ ಮಹಡಿಯ ಕೋಣೆಯಲ್ಲಿ ಉಳಿಯಲೇ? ಸ್ಟೇಷನ್ನಿಗೆ ಭಾವ ಬರಲು ಆಗುತ್ತದೆಯೇ, ಚೀಲ ಭಾರವಿದೆ. ಬಿಸಿಬೇಳೆ ಭಾತು ಮಾಡುತ್ತೀಯ? ಭಾಷಣ ಮಾಡುವಾಗ ನಾನು ನೋಡುವ ಹಾಗೆ ಮುಂದೆ ಕೂತಿರುತ್ತೀಯ?

ಇದೆಲ್ಲ ನಾನೇ ಕೇಳುತ್ತಿರುವುದು. ಫೋನ್ ಮಾಡು. ಯಾರಿಗೆ ಬೇಕಾದರೂ ಹೇಳು.

ಆನಂದ


ಉಳ್ಳೂರ್
೧೯ ನವೆಂಬರ್ ೨೦೨೫

ಚಿರಂಜೀವಿ ಆನಂದನಿಗೆ ಆಶೀರ್ವಾದ.

ಕಾಗದ ಬಂತು. ಓದಿದ ಕೂಡಲೆ ಅನುಮಾನ ಬಂತು. ನನ್ನ ತಮ್ಮ ಏನನ್ನೂ ಕೇಳುವವನಲ್ಲ, ಇದು ಏನೆಲ್ಲ ಕೇಳುತ್ತಿದೆ. ಆದ್ದರಿಂದ ನೀನು ಹೇಳಿಕೊಟ್ಟ ಹಾಗೇ ಮಾಡಿದೆ. ಒಂದು ಗಳಿಗೆ ಸುಮ್ಮನೆ ನಿಂತೆ. ನಿಮ್ಮ ಭಾವನಿಗೆ ತೋರಿಸಿದೆ. ‘ಅಕ್ಷರ ಅವನದೇ, ಇಷ್ಟು ಕೆಟ್ಟದಾಗಿ ಬೇರೆ ಯಾರು ಬರೀತಾರೆ’ ಎಂದರು. ಅದೂ ಸಾಲದು ಎಂದು, ಮೊದಲಿನಿಂದ ಗೊತ್ತಿರುವ ನಂಬರಿಗೆ, ನಿರ್ಮಲಳಿಗೆ, ನಾನೇ ಫೋನ್ ಮಾಡಿದೆ.

‘ಇದು ಅವನೇ ಕೇಳಿದ್ದಾ?’ ಎಂದೆ.

‘ಹೌದು ಅತ್ತಿಗೆ. ಪೋಸ್ಟ್ ಡಬ್ಬಕ್ಕೆ ಹಾಕೋ ಮುಂಚೆ ಮೂರು ಸಲ ಮನೆಗೆ ವಾಪಸ್ ತಂದ್ರು’ ಎಂದಳು.

ಭಾವ ಸ್ಟೇಷನ್ನಿಗೆ ಬರುತ್ತಾರೆ. ಮಹಡಿಯ ಕೋಣೆಯ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದೇನೆ. ಠಾಣೆಯಿಂದ ಇನ್ನೂ ಏನೂ ಸುದ್ದಿ ಇಲ್ಲ. ಮಕ್ಕಳಿಗೆ ಶನಿವಾರ ನಾನು ಮೋಸಹೋದ ಕಥೆಯನ್ನು ಕನ್ನಡದಲ್ಲೇ ಹೇಳಿದೆ. ಅವು ಮಲಯಾಳದಲ್ಲಿ ನಕ್ಕವು. ನಾಚಿಕೆಯಾಯಿತು, ಆದರೆ ಪಾಠ ಮುಗಿಸಿದೆ.

ಮುಂದಿನ ಸಾಲಿನಲ್ಲಿ ಕೂತಿರುತ್ತೇನೆ. ಡಬ್ಬಿ ತೊಳೆದಿಟ್ಟಿದ್ದೇನೆ, ಅದೇ ಡಬ್ಬಿ.

ಸುಮಿತ್ರಕ್ಕ